ಪೂರ್ತಿ ಕಥೆ ಕೊಡದೆ ‘ರಿಯಾಕ್ಷನ್’ ಕೇಳುವ ಹಾರರ್ ಚಿತ್ರತಂಡಕ್ಕೆ ಮುಖ ಕೊಡಬೇಡಿ

ಹೊಸಬರ ಹಾರರ್ ಸಿನಿಮಾದಲ್ಲಿ ಪಾತ್ರವಿದೆ, ಬನ್ನಿ ಎಂದು ನಮ್ಮ ರಂಗಭೂಮಿಯವರಿಗೆ ಮೇಲಿಂದ ಮೇಲೆ ಕರೆ ಬರುತ್ತಿರುತ್ತದೆ. ಒಪ್ಪಿಕೊಳ್ಳುವ ಮೊದಲು ದಯವಿಟ್ಟು ಇದನ್ನು ಓದಿ. ಹೊಟ್ಟೆ ಇನ್ನೂ ಉರಿಯುತ್ತಿದೆ, ಹೇಳಿದ್ದನ್ನೇ ಮತ್ತೆ ಹೇಳಿದರೂ ಸಹಿಸಿಕೊಳ್ಳಿ.

ನಾನು ಮೈಸೂರಿನ ಹವ್ಯಾಸಿ ತಂಡಗಳಲ್ಲಿ ಬಹಳ ಕಾಲದಿಂದ ಪಾತ್ರ ಮಾಡುತ್ತಿರುವವಳು. ಗಾಂಧಿನಗರದ ಒಂದು ಕಚೇರಿಯಲ್ಲಿ ಮಾತುಕತೆ ನಡೆಯಿತು. ಒಂದೇ ಬಂಗಲೆ, ನಾಲ್ಕಾರು ಪಾತ್ರ, ಹೆಚ್ಚಿನದೆಲ್ಲ ರಾತ್ರಿ. ದೊಡ್ಡ ನಟರಿಲ್ಲದೆಯೂ ಓಡಬಹುದಾದ ಬಗೆಯೆಂದರೆ ಇದೇ, ಹಾಗಾಗಿ ಕೈಯಲ್ಲಿ ಸ್ವಲ್ಪ ಹಣವಿರುವ ಹೊಸಬರೆಲ್ಲ ದೆವ್ವದ ಕಥೆಗೇ ಬರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ನನ್ನದು ಮಗಳನ್ನು ಬಾವಿಯಲ್ಲಿ ಕಳೆದುಕೊಂಡ ತಾಯಿಯ ಪಾತ್ರ. ಚಿತ್ರಕಥೆ ಕೊಡಿ ಎಂದೆ. ನಿರ್ದೇಶಕರು ನನಗಿಂತ ಬಹಳ ಚಿಕ್ಕವರು. “ಅಕ್ಕಾ, ಕಥೆ ಹೊರಗೆ ಹೋಗಬಾರದು, ಆಯಾ ದಿನದ ದೃಶ್ಯ ಆಯಾ ದಿನ ಕೊಡುತ್ತೇವೆ” ಎಂದರು. ಮುಂಗಡವಾಗಿ ಸಣ್ಣ ಮೊತ್ತ ಕೊಟ್ಟರು, ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು.

ಸಕಲೇಶಪುರದ ಹತ್ತಿರ ಚಿತ್ರೀಕರಣ. ಮೊದಲ ರಾತ್ರಿಯೇ ನಾನು ಕೇಳಿದ್ದು ಇಷ್ಟು: ಮನೆಯಲ್ಲಿ ಅಷ್ಟು ಜನರಿರುವಾಗ ಈ ತಾಯಿ ನಡುರಾತ್ರಿ ಒಬ್ಬಳೇ ಬಾವಿಯ ಹತ್ತಿರ ಏಕೆ ಹೋಗುತ್ತಾಳೆ? “ಹೋಗದಿದ್ದರೆ ದೆವ್ವ ಹೇಗೆ ಬರುತ್ತದೆ ಅಕ್ಕಾ? ಹೋಗಿ, ಹೆದರಿ, ಅಷ್ಟೇ.” ಪಕ್ಕದಲ್ಲಿದ್ದವರು ನಕ್ಕರು. ನಟನೆ ಕಲಿತವರಿಗೆ ಗೊತ್ತು, ಕಾರಣವಿಲ್ಲದೆ ಹೆಜ್ಜೆ ಏಳುವುದಿಲ್ಲ. ಕೊಟ್ಟ ಸನ್ನಿವೇಶದಲ್ಲಿ ನಾನೇ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಳ್ಳುವುದನ್ನು ರಷ್ಯಾದ ರಂಗನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ಕಾಲದಿಂದ ಹಲವು ರಂಗಶಾಲೆಗಳಲ್ಲಿ ಕಲಿಸುತ್ತಾರೆ. ಅವರು ಕೊಡದ ಕಾರಣವನ್ನು ನಾನೇ ಕಟ್ಟಿಕೊಂಡೆ. ಮಗಳು ಬಿದ್ದ ದಿನ ಬಾವಿ ತೆರೆದಿತ್ತು, ಅಂದಿನಿಂದ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡದೆ ಈ ತಾಯಿಗೆ ನಿದ್ದೆ ಬರುವುದಿಲ್ಲ. ಆ ಮರದ ಮುಚ್ಚಳದ ಮೇಲೆ ಎರಡೂ ಅಂಗೈ ಊರಿ, ಮೈಯ ಭಾರವನ್ನೆಲ್ಲ ಬಿಟ್ಟು ಒತ್ತಿದೆ. ಮಳೆಗೆ ಹಲಗೆ ಲೋಳೆಯಾಗಿತ್ತು, ಉಗುರಿನೊಳಗೆ ಪಾಚಿ ಸೇರಿತ್ತು. ಛಾಯಾಗ್ರಾಹಕರು ಕೈಗಳನ್ನು ಬೇರೆಯಾಗಿ, ಹತ್ತಿರದಿಂದ ಚಿತ್ರಿಸಿಕೊಂಡರು. ನಿರ್ದೇಶಕರು ಬಂದು “ಅದ್ಭುತ ಅಕ್ಕಾ” ಎಂದರು.

ಕುಂಬಳಕಾಯಿ ಒಡೆಯುವ ದಿನ ಗೋಡೆಯ ಮುಂದೆ ನಿಲ್ಲಿಸಿ ಬರೀ ರಿಯಾಕ್ಷನ್ ತೆಗೆದರು. ಎಡಕ್ಕೆ ನೋಡಿ. ಬಲಕ್ಕೆ ನೋಡಿ. ಕಣ್ಣು ಮಾತ್ರ ಎತ್ತಿ. ಈಗ ನಿಧಾನವಾಗಿ ನಗಿ. ಏಕೆ ನಗಬೇಕು ಎಂದೆ. “ಮಗಳ ನೆನಪಾಯಿತು ಎಂದುಕೊಳ್ಳಿ ಅಕ್ಕಾ.” ನನ್ನ ಸ್ವಂತ ಮಗಳು ಚಿಕ್ಕವಳಿದ್ದಾಗ ಮೊದಲ ಹಲ್ಲು ಬಿದ್ದು, ಅದನ್ನು ಅಂಗೈಯಲ್ಲಿಟ್ಟುಕೊಂಡು ಓಡಿ ಬಂದದ್ದನ್ನು ನೆನೆಸಿಕೊಂಡು ನಕ್ಕೆ.

ಪ್ರದರ್ಶನಕ್ಕೆ ಮುಂಚಿನ ಪ್ರಿವ್ಯೂಗೆ ಕುಟುಂಬದ ಜೊತೆ ಬೆಂಗಳೂರಿಗೆ ಹೋದೆ. ತಂಗಿ, ಅವಳ ಗಂಡ, ನನ್ನ ಮಗಳು, ಎಲ್ಲರೂ ಬಂದಿದ್ದರು. ತೆರೆಯ ಮೇಲೆ ಮಗು ಬಾವಿಯೊಳಗಿಂದ ಕೂಗುತ್ತದೆ. ಮರುಕ್ಷಣ ಮುಚ್ಚಳ ಒತ್ತುವ ನನ್ನ ಕೈಗಳು! ಮಗುವಿನ ಶವ ತೋರಿಸುತ್ತಾರೆ. ತಕ್ಷಣ ನನ್ನ ನಗು! ಆ ನಗು! ಬೆನ್ನು ಮಾತ್ರ ಕಾಣುವ ಒಂದು ದೃಶ್ಯದಲ್ಲಿ ಯಾರದೋ ಧ್ವನಿ ನನ್ನದೆಂಬಂತೆ “ನಾನೇ ಬಲಿ ಕೊಟ್ಟೆ” ಎನ್ನುತ್ತದೆ. ಬಾಕಿ ಕೊಟ್ಟರೆ ಡಬ್ಬಿಂಗ್‌ಗೆ ಬರುತ್ತೇನೆ ಎಂದು ನಾನು ಹೇಳಿದ್ದೆ, ಅವರು ಬೇರೆಯವರಿಂದ ಮಾತು ಕೊಡಿಸಿ ಮುಗಿಸಿದ್ದರು. ಮಗಳನ್ನು ಕಳೆದುಕೊಂಡ ತಾಯಿ ಮಗಳನ್ನು ಕೊಂದ ತಾಯಿಯಾಗಿದ್ದಳು. ಪಕ್ಕದಲ್ಲಿ ನನ್ನ ಮಗಳು ಕೂತಿದ್ದಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಸಹಾಯಕ ನಿರ್ದೇಶಕರೊಬ್ಬರು ಆಮೇಲೆ ಬಾಯಿಬಿಟ್ಟರು. ಮಾಂತ್ರಿಕನ ಪಾತ್ರದವರು ಸಂಭಾವನೆ ಬಾರದೆ ಅರ್ಧಕ್ಕೇ ಹೊರಟುಹೋಗಿದ್ದರು, ಕೊಲೆಗಾರ ಯಾರಾದರೊಬ್ಬರು ಬೇಕಾಗಿತ್ತು.

ನಿರ್ದೇಶಕರನ್ನು ಅಲ್ಲೇ ಕೇಳಿದೆ. “ತಿರುವು ಮೊದಲೇ ಹೇಳಿದ್ದರೆ ನಿಮ್ಮ ನಟನೆ ಇಷ್ಟು ಸಹಜವಾಗಿ ಬರುತ್ತಿರಲಿಲ್ಲ ಅಕ್ಕಾ. ಈಗ ನೋಡಿ, ಇಡೀ ಚಿತ್ರ ನಿಮ್ಮ ಮೇಲೆಯೇ ನಿಂತಿದೆ.” ನಿರ್ಮಾಪಕರ ಮಾತು ಇನ್ನೂ ಚೆನ್ನಾಗಿತ್ತೆಂದು ಅವರೇ ಅಂದುಕೊಂಡಿರಬೇಕು: “ದೆವ್ವದ ಸಿನಿಮಾದಲ್ಲಿ ಪಾತ್ರದ ಮನಸ್ಸು ಯಾರಿಗೆ ಬೇಕಮ್ಮ? ಜನ ಬೆಚ್ಚಿಬಿದ್ದರೆ ಸಾಕು.” ಬಾಕಿ ಹಣ? “ಸರ್ಕಾರದ ಸಹಾಯಧನ ಬರಲಿ.” ಆ ಸಹಾಯಧನ ಆಯ್ಕೆ ಸಮಿತಿ ಒಪ್ಪಿದ ಚಿತ್ರಗಳಿಗೆ ಮಾತ್ರ ಸಿಗುವುದು ಎಂದೆ. ಅಂದಿನಿಂದ ನನ್ನ ಸಂದೇಶಗಳಿಗೆ ಉತ್ತರವಿಲ್ಲ.

ಪಾತ್ರದ ಮನಸ್ಸು ಯಾರಿಗೆ ಬೇಕಂತೆ! ತೆರೆಯ ಮೇಲಿನವಳಿಗೆ ಕಳೆದುಕೊಳ್ಳುವುದಕ್ಕೆ ಏನೋ ಇದೆ ಎಂದು ತಿಳಿದರೆ ತಾನೇ ನೋಡುವವರಿಗೆ ಭಯ? ಸಂಕಲನದ ಶಕ್ತಿ ನನಗೂ ಗೊತ್ತು. ರಷ್ಯಾದ ಚಿತ್ರನಿರ್ದೇಶಕ ಕುಲೆಶೋವ್, ಮೊಝುಖಿನ್ ಎಂಬ ನಟನ ಒಂದೇ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆಯ ಮಗು, ಒಬ್ಬ ಹೆಣ್ಣು ಎಂದು ಬೇರೆ ಬೇರೆ ಚಿತ್ರಗಳ ಪಕ್ಕ ಜೋಡಿಸಿ ಬೇರೆ ಬೇರೆ ಭಾವ ತೋರಿಸಿದ್ದು ನೂರು ವರ್ಷ ಹಳೆಯ ಪಾಠ. ಕೊಲೆಗಾತಿಯ ಪಾತ್ರವೆಂದೇ ಹೇಳಿದ್ದರೆ ಅದನ್ನೂ ಮಾಡುತ್ತಿದ್ದೆ, ಇನ್ನೂ ಚೆನ್ನಾಗಿ ಮಾಡುತ್ತಿದ್ದೆ. ಹೇಳಲು ಒಂದು ಫೋನ್ ಕರೆ ಸಾಕಾಗಿತ್ತು. ಬಜೆಟ್ ಇಲ್ಲ ಎಂಬ ನೆಪ ಇದಕ್ಕೆ ಸಲ್ಲುವುದಿಲ್ಲ. ನನ್ನ ಮಗಳ ನೆನಪನ್ನು ನನ್ನಿಂದಲೇ ಕೇಳಿ ಪಡೆದು ಶವದ ಪಕ್ಕ ಅಂಟಿಸಿದ್ದಾರೆ. ಇದನ್ನು ಮೋಸ ಎನ್ನದೆ ಏನೆನ್ನಲಿ?

ಸಹಿ ಹಾಕಿದ ಹಾಳೆಯಲ್ಲಿ “ಚಿತ್ರದ ಅಗತ್ಯಕ್ಕೆ ತಕ್ಕಂತೆ ಬಳಸಿಕೊಳ್ಳಬಹುದು” ಎಂದಿತ್ತು. ಅದನ್ನೇ ಮುಂದೆ ಹಿಡಿಯುತ್ತಿದ್ದಾರೆ. ವಕೀಲರು ಹೇಳಿದ ಪ್ರಕಾರ, 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ 38ಬಿ ಕಲಮಿನಲ್ಲಿ, ಹೆಸರಿಗೆ ಕುಂದು ಬರುವಂತೆ ಅಭಿನಯವನ್ನು ತಿರುಚಿದರೆ ತಡೆಯುವ ಹಕ್ಕು ಕಲಾವಿದರಿಗಿದೆ. ಆದರೆ ಸಂಕಲನಕ್ಕಾಗಿ ಒಂದಷ್ಟು ಭಾಗ ತೆಗೆದುಹಾಕುವುದು ಅದರೊಳಗೆ ಬರುವುದಿಲ್ಲ. ಅವರು ತೆಗೆದುಹಾಕಿಲ್ಲ, ನಾನು ಮಾಡದ ಕೊಲೆಯನ್ನು ನನ್ನ ಮುಖಕ್ಕೆ ಹಚ್ಚಿದ್ದಾರೆ ಎಂಬುದು ನನ್ನ ವಾದ.

ನೀವು ಇಷ್ಟನ್ನಾದರೂ ಮಾಡಿ. ಪೂರ್ತಿ ಚಿತ್ರಕಥೆ ಓದದೆ ಸಹಿ ಹಾಕಬೇಡಿ. ಪಾತ್ರ ಬದಲಾದರೆ ಲಿಖಿತ ಒಪ್ಪಿಗೆ ಬೇಕು ಎಂದು ಬರೆಸಿಕೊಳ್ಳಿ, ನಿಮ್ಮ ಪಾತ್ರಕ್ಕೆ ಯಾರ ಧ್ವನಿ ಎಂಬುದನ್ನೂ ಬರೆಸಿ. ಗೋಡೆಯ ಮುಂದೆ ನಿಲ್ಲಿಸಿ ನಗಿ, ಅಳಿ ಎಂದರೆ, ಯಾವ ದೃಶ್ಯಕ್ಕೆ ಎಂದು ಎಲ್ಲರ ಮುಂದೆ ಕೇಳಿ. “ಏಕೆ” ಎಂದಾಗ ನಗುವ ನಿರ್ದೇಶಕರಿದ್ದಲ್ಲಿ ಒಂದು ನಿಮಿಷವೂ ನಿಲ್ಲಬೇಡಿ. ನಾನು ಕಳಿಸಿದ ನೋಟಿಸ್ ಅವರ ಕೈ ಸೇರಿದೆ, ಉತ್ತರ ಬಂದಿಲ್ಲ. ಪೋಸ್ಟರ್ ಮಾತ್ರ ಬಂದಿದೆ, ಅದರಲ್ಲಿ ಇರುವುದೂ ನನ್ನ ಅದೇ ನಗು.