‘ಒಂದು ಕ್ಯಾರೆಟ್’ ಉಂಗುರ ಅಂದರೆ ನಂಬಬೇಡಿ, ಕಲ್ಲು ಕಲ್ಲಿನ ಲೆಕ್ಕ ಕೇಳಿ

ನಿಶ್ಚಿತಾರ್ಥಕ್ಕೆ ಮೂರು ಕಲ್ಲಿನ ವಜ್ರದ ಉಂಗುರ ನೋಡುತ್ತಿದ್ದೀರಾ? ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನನ್ನ ತಮ್ಮನ ನಿಶ್ಚಿತಾರ್ಥಕ್ಕೆ ಅಂತ ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ ಕೊಂಡೆವು. ಅಂಗಡಿ ಹೆಸರು ಬೇಡ, ಅಲ್ಲಿ ಏನಾಯಿತು ಅನ್ನೋದು ಗೊತ್ತಿದ್ದರೆ ಸಾಕು.

‘ಮೇಡಂ, ಇದು ಒಂದು ಕ್ಯಾರೆಟ್ ಉಂಗುರ’ ಅಂದರು. ಕ್ಯಾರೆಟ್ ಅಂದರೆ ಇಲ್ಲಿ ವಜ್ರದ ತೂಕದ ಅಳತೆ. ಟ್ಯಾಗ್‌ನಲ್ಲಿ 1.00 ಅಂತಲೂ ಇತ್ತು. ಪಕ್ಕದ ಟ್ರೇಯಿಂದ ಒಂಟಿ ಕಲ್ಲಿನ ಒಂದು ಕ್ಯಾರೆಟ್ ಉಂಗುರ ತೆಗೆದು ಅದರ ಬೆಲೆ ತೋರಿಸಿದರು. ‘ನೋಡಿ, ನಿಮಗೆ ಅದಕ್ಕಿಂತ ಎಷ್ಟು ಕಡಿಮೆ’ ಅಂತ ಬೇರೆ.

ಉಂಗುರ ಸ್ವಲ್ಪ ಸಡಿಲ ಇತ್ತು. ಬಿಗಿ ಮಾಡಿಸೋಣ ಅಂತ ನಮ್ಮ ಹಳೇ ಆಚಾರ್ರ ಹತ್ತಿರ ಒಯ್ದೆವು. ಅವರು ಮಸೂರ ಹಿಡಿದು, ಅಳತೆ ನೋಡಿ, ‘ಇದರಲ್ಲಿ ಒಂದು ಕ್ಯಾರೆಟ್ ಕಲ್ಲು ಯಾವುದಮ್ಮ?’ ಅಂದರು. ನಡುವಿನ ಕಲ್ಲು 40 ಸೆಂಟ್, ಅಕ್ಕಪಕ್ಕದವು 30, 30. 100 ಸೆಂಟ್ ಸೇರಿದರೆ ಒಂದು ಕ್ಯಾರೆಟ್. ಅಂದರೆ ಆ 1.00 ಮೂರೂ ಕಲ್ಲಿನ ಒಟ್ಟು ತೂಕ!

ಒಟ್ಟು ತೂಕ ಒಂದೇ ಆದರೆ ಏನಾಯಿತು ಅನ್ನಬಹುದು. ಆದರೆ ವಜ್ರದ ರೇಟು ತೂಕದ ಜೊತೆ ಸಮನಾಗಿ ಏರುವುದಿಲ್ಲ. ದೊಡ್ಡ ಕಲ್ಲು ಅಪರೂಪ, ಹಾಗಾಗಿ ಕ್ಯಾರೆಟ್‌ಗೆ ಹಾಕುವ ರೇಟೇ ಜಾಸ್ತಿ. ಅದೇ ಗುಣಮಟ್ಟದ ಮೂರು ಸಣ್ಣ ಕಲ್ಲು ಸೇರಿ ಒಂದು ಕ್ಯಾರೆಟ್ ಆದರೆ ಬೆಲೆ ಬಹಳ ಕಮ್ಮಿ ಇರಬೇಕು. ಆ ಟ್ರೇಯ ಹೋಲಿಕೆಯೇ ಸುಳ್ಳು ಹೋಲಿಕೆ. ನೋಟದಲ್ಲೂ ವ್ಯತ್ಯಾಸ ಇದೆ. ಒಂದು ಕ್ಯಾರೆಟ್‌ನ ದುಂಡು ಕಲ್ಲು ಸುಮಾರು ಆರೂವರೆ ಮಿಲಿಮೀಟರ್ ಅಗಲ. 40 ಸೆಂಟಿನದು ಐದೂ ಇಲ್ಲ, 30 ಸೆಂಟಿನದು ಅದಕ್ಕಿಂತ ಅರ್ಧ ಮಿಲಿಮೀಟರ್ ಅಷ್ಟೇ ಕಡಿಮೆ. ಹಾಗಾಗಿ ನಡುವಿನ ಕಲ್ಲು ಎದ್ದು ಕಾಣುವುದೇ ಇಲ್ಲ. ನಡುವೆ 60, ಬದಿಗೆ 20, 20 ಇದ್ದರೂ ಒಟ್ಟು ಅದೇ ಒಂದು ಕ್ಯಾರೆಟ್. ಆದರೆ ಅದು ಬೇರೆಯದೇ ಉಂಗುರ.

ಇನ್ನು ಬಣ್ಣ. ಆಚಾರ್ರು ಉಂಗುರವನ್ನು ಬಿಳಿ ಹಾಳೆಯ ಮೇಲೆ ಮಗುಚಿಟ್ಟು ಕಿಟಕಿಯ ಬೆಳಕಲ್ಲಿ ತೋರಿಸಿದರು. ಬದಿಯ ಕಲ್ಲುಗಳಲ್ಲಿ ಹಳದಿ ಛಾಯೆ ಇತ್ತು, ಅಂದರೆ ಬಣ್ಣದ ದರ್ಜೆ ಕಡಿಮೆ. ಅಂಗಡಿಯ ದೀಪದಲ್ಲಿ ಎಲ್ಲವೂ ಪಳಪಳ, ಏನು ಗೊತ್ತಾಗುತ್ತೆ ಹೇಳಿ.

ಸರ್ಟಿಫಿಕೇಟ್ ಇತ್ತಲ್ವಾ ಅಂದರೆ, ಇತ್ತು. ಇಡೀ ಉಂಗುರಕ್ಕೆ ಸೇರಿ ಒಂದೇ. ಕೂರಿಸಿದ ಕಲ್ಲನ್ನು ಬಿಡಿಯಾಗಿ ತೂಗಲು ಆಗುವುದಿಲ್ಲ, ಅದರಲ್ಲಿದ್ದದ್ದು ಅಂದಾಜು ತೂಕ. ಬಣ್ಣದ ದರ್ಜೆಯೂ ‘ಇಲ್ಲಿಂದ ಇಲ್ಲಿವರೆಗೆ’ ಅಂತ. ನಡುವಿನ ಕಲ್ಲಿಗಾದರೂ ಕೂರಿಸುವ ಮೊದಲೇ ಮಾಡಿಸಿದ ಪ್ರತ್ಯೇಕ ಸರ್ಟಿಫಿಕೇಟ್ ಕೇಳಿ. ಕಲ್ಲಿನ ಬಗ್ಗೆ ಕೇಳಿದಾಗಲೆಲ್ಲ ನಮಗೆ ಹಾಲ್‌ಮಾರ್ಕ್ ತೋರಿಸುತ್ತಿದ್ದರು. 750 ಗುರುತು (ಅಂದರೆ 75% ಚಿನ್ನ), ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಆ ಒಡವೆಯದೇ ಗುರುತಿನ ಸಂಖ್ಯೆ), ಎಲ್ಲ ಸರಿ. ಆದರೆ ಅದು ಚಿನ್ನದ ಶುದ್ಧತೆಗೆ ಮಾತ್ರ. ವಜ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಬಿಲ್ಲಿನಲ್ಲಿ ಇನ್ನೊಂದು ಕೈಚಳಕ. ಚಿನ್ನದ ತೂಕ ಅಂತ ಹಾಕಿದ್ದು ಕಲ್ಲೂ ಸೇರಿದ ತೂಕ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಕಲ್ಲಿನ ಆ 0.2 ಗ್ರಾಂಗೂ ಚಿನ್ನದ ರೇಟು, ಅದರ ಮೇಲೆ ಮೇಕಿಂಗ್ ಚಾರ್ಜ್, ಅದರ ಮೇಲೆ 3% ಜಿಎಸ್‌ಟಿ.

ವಾಪಸ್ ಒಯ್ದರೆ ದುಡ್ಡು ಕೊಡಲ್ಲ ಅಂದರು. ಬೇರೆ ಒಡವೆ ತಗೊಳ್ಳಿ, ವಜ್ರದ ಬೆಲೆಯಲ್ಲಿ ಕಡಿತ, ಮೇಕಿಂಗ್ ಚಾರ್ಜ್ ಹೋಯಿತು. ನಿಶ್ಚಿತಾರ್ಥ ಹತ್ತಿರ ಬಂದಿತ್ತು, ಅದೇ ಉಂಗುರ ತೊಡಿಸಿದ್ದಾಯಿತು. ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಅಲ್ಲಿ ಬಿಲ್ಲೇ ಮುಖ್ಯ, ನಮ್ಮ ಬಿಲ್ಲಿನಲ್ಲಿ ‘ವಜ್ರ 1.00’ ಅಂತ ಒಂದೇ ಸಾಲು. ನೀವು ಮೂರು ಕಲ್ಲಿಗೆ ಮೂರು ಸಾಲು ಬರೆಸಿ: ತೂಕ, ಬಣ್ಣ, ಕ್ಲ್ಯಾರಿಟಿ (ಕಲ್ಲಿನೊಳಗೆ ಕಲೆ ಎಷ್ಟು ಕಡಿಮೆ ಅನ್ನೋದು), ರೇಟು, ಗಣಿಯ ವಜ್ರವೋ ಲ್ಯಾಬ್‌ನಲ್ಲಿ ಬೆಳೆಸಿದ್ದೋ ಅನ್ನೋದೂ ಸೇರಿ. ಬರೆಯಲ್ಲ ಅಂದರೆ ಎದ್ದು ಪಕ್ಕದ ಅಂಗಡಿಗೆ ಹೋಗಿ.