ನಿಕೋಸಿಯಾದಲ್ಲಿ ಗಡಿ ದಾಟಲು ಯಾವ ದಾರಿ ಮೇಲು?

ಸೈಪ್ರಸ್ಸಿನ ರಾಜಧಾನಿ ನಿಕೋಸಿಯಾದಲ್ಲಿ ಒಂದು ವಾರ ಇದ್ದೆ. 1963ರ ಕೊನೆಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಪೀಟರ್ ಯಂಗ್ ನಕ್ಷೆಯ ಮೇಲೆ ಹಸಿರು ಪೆನ್ಸಿಲ್‌ನಿಂದ ಎಳೆದ ಗೆರೆ ಇಂದಿಗೂ ಊರನ್ನು ಸೀಳಿಕೊಂಡೇ ಇದೆ. ದಕ್ಷಿಣದಲ್ಲಿ ಗ್ರೀಕ್ ಸೈಪ್ರಿಯಟ್ಟರು, ಉತ್ತರದಲ್ಲಿ ಟರ್ಕಿಶ್ ಸೈಪ್ರಿಯಟ್ಟರು, ನಡುವೆ ವಿಶ್ವಸಂಸ್ಥೆ ಕಾಯುವ ನೆಲದ ಪಟ್ಟಿ. ಅದನ್ನು ಮೂರು ಕಡೆ ದಾಟಿ ನೋಡಿದೆ.

ಸಲೀಸಾದದ್ದು ಲೆಡ್ರಾ ಬೀದಿ. 2008ರ ಏಪ್ರಿಲ್‌ನಲ್ಲಿ ತೆರೆದದ್ದು. ಕರಾವಳಿಯ ಲಾರ್ನಾಕಾ ಊರಿನಿಂದ ಬಂದ ಬಸ್ಸು ಸೊಲೊಮೊಸ್ ಚೌಕದಲ್ಲಿ ಇಳಿಸಿತು. ಅಲ್ಲಿಂದ ಅಂಗಡಿಸಾಲು ಹಿಡಿದು ನಡೆದರೆ ಗಡಿ. ಪಾಸ್‌ಪೋರ್ಟ್ ಎರಡು ಸಲ ತೋರಿಸಿದೆ, ಅಷ್ಟೇ. ಸ್ವಲ್ಪ ಹೊತ್ತಿನಲ್ಲಿ ಬ್ಯೂಯುಕ್ ಹಾನ್ ಎಂಬ ಹಳೆಯ ಛತ್ರದ ಅಂಗಳದಲ್ಲಿದ್ದೆ. ಯೂರೋ ಹೋಗಿ ಲಿರಾ ಬಂದಿತ್ತು. ಆದರೆ ಶನಿವಾರ ಸಂಜೆ ಸಾಲು ಉದ್ದ.

ನನ್ನ ಮನಸ್ಸು ನಿಂತದ್ದು ಮಾತ್ರ ಲೆಡ್ರಾ ಪ್ಯಾಲೇಸ್ ದಾರಿಯಲ್ಲಿ. 2003ರ ಏಪ್ರಿಲ್ 23ರಂದು ಮೊದಲು ತೆರೆದದ್ದು ಇದೇ. ಅದಕ್ಕೆ ಮುಂಚೆ, 1974ರಲ್ಲಿ ಟರ್ಕಿಯ ಸೇನೆ ಉತ್ತರ ಭಾಗವನ್ನು ಹಿಡಿದಂದಿನಿಂದ, ಸುಮಾರು ಮೂವತ್ತು ವರ್ಷ ಸಾಮಾನ್ಯ ಜನರಿಗೆ ಆಚೆ ಬದಿ ಕಾಣದ ನಾಡಾಗಿತ್ತು. ಇಲ್ಲಿ ವಾಹನ ಹೋಗುವಂತಿಲ್ಲ, ನಡೆಯಬೇಕು. ಲೆಡ್ರಾ ಪ್ಯಾಲೇಸ್ ಎಂಬ ಒಂದು ಕಾಲದ ವೈಭವದ ಹೋಟೆಲಿನ ಗೋಡೆಯ ಮೇಲೆ ಗುಂಡಿನ ಗುರುತುಗಳಿವೆ. ಎದುರಿಗೆ ಎರಡೂ ಕಡೆಯವರು ಕೂಡುವ 'ಹೋಮ್ ಫಾರ್ ಕೋಆಪರೇಷನ್'. ಅಲ್ಲಿನ ಕೆಫೆಯಲ್ಲಿ ಕಾಫಿ ಕುಡಿಯುತ್ತ ಪಕ್ಕದ ಮೇಜಿನ ಗ್ರೀಕ್, ಟರ್ಕಿಶ್ ಮಾತು ಕೇಳುತ್ತಿದ್ದಾಗ ನೆನಪಾದವರು ಮಡಿಕೇರಿಯ ಜನರಲ್ ತಿಮ್ಮಯ್ಯ. 1964ರಲ್ಲಿ ಇಲ್ಲಿನ ಶಾಂತಿಪಡೆಯ ದಂಡನಾಯಕರಾಗಿ ಬಂದು, ಮರುವರ್ಷ ಡಿಸೆಂಬರ್‌ನಲ್ಲಿ ಇದೇ ದ್ವೀಪದಲ್ಲಿ ತೀರಿಕೊಂಡರು. ಲಾರ್ನಾಕಾದಲ್ಲಿ ಅವರ ಹೆಸರಿನ ರಸ್ತೆಯಿದೆ. ಕನ್ನಡ ನಾಡಿನವರು ಈ ಪಟ್ಟಿಯಲ್ಲಿ ನಡೆಯುವಾಗ ಅವರನ್ನು ನೆನೆಯಲೇಬೇಕು.

ಮೂರನೆಯದು ಅಯಿಯೊಸ್ ದೊಮೆತಿಯೊಸ್, ಊರಿನ ಪಶ್ಚಿಮಕ್ಕೆ. ಟರ್ಕಿಶ್ ಕಡೆಯವರಿಗೆ ಮೆತೆಹಾನ್. ಕಾರಿನವರಿಗೆ ಇದೇ ಗತಿ. ದಕ್ಷಿಣದಲ್ಲಿ ಬಾಡಿಗೆಗೆ ಪಡೆದ ಕಾರಿನ ವಿಮೆ ಉತ್ತರದಲ್ಲಿ ನಡೆಯಲಿಲ್ಲ, ಗಡಿಯಲ್ಲೇ ಬೇರೆ ಮಾಡಿಸಿದೆ. ಅದೂ ಎದುರಿನವರಿಗಾಗುವ ನಷ್ಟಕ್ಕೆ ಮಾತ್ರ. ನನ್ನ ಕಾರಿಗೇನಾದರೂ ಆದರೆ ಎಂಬ ಅಳುಕು ದಿನವಿಡೀ ಬಿಡಲಿಲ್ಲ. ಎರಡೂ ಕಡೆ ನಮ್ಮಂತೆಯೇ ಎಡಗಡೆ ಓಡಿಸುವುದರಿಂದ ರಸ್ತೆಯಲ್ಲಿ ತೊಂದರೆಯಾಗಲಿಲ್ಲ.

ನಾನು ಹತ್ತಿದ ಯಾವ ಬಸ್ಸೂ ಗೆರೆ ದಾಟಲಿಲ್ಲ. ಉತ್ತರ ಕರಾವಳಿಯ ಕಿರೇನಿಯಾ ಊರಿಗೆ ಹೋಗುವುದಿದ್ದರೆ ಲೆಡ್ರಾ ಬೀದಿಯಲ್ಲಿ ನಡೆದು ದಾಟಿ, ನಿಕೋಸಿಯಾದ ಉತ್ತರ ಭಾಗದ ಹಳೆಯ ಕೋಟೆಯ ಕಿರೇನಿಯಾ ಬಾಗಿಲ ಬಳಿ ದೊಲ್ಮುಶ್ ಎಂಬ ಶೇರ್ ವ್ಯಾನು ಹತ್ತಿ. ಹಿಂತಿರುಗುವಾಗ ಹೊತ್ತಿದ್ದರೆ ಲೆಡ್ರಾ ಪ್ಯಾಲೇಸ್ ಕಡೆಯಿಂದ ಬನ್ನಿ.