ವೈಸ್‌ಗೆ ಕಟ್ಟಿ ನೋಡಿದ ಗುಂಡುಗಳು: ಏರ್ ಪಿಸ್ತೂಲ್ ಪೆಲೆಟ್ ಜೊತೆ ನಾಲ್ಕು ವರ್ಷ

ದಾವಣಗೆರೆಯಲ್ಲಿ "ಭಾನುವಾರ ಬೆಳಿಗ್ಗೆ ಗುಂಡು ಹೊಡೆಯೋಕೆ ಹೋಗ್ತೀನಿ" ಅಂದರೆ ಎದುರಿನವರು ಸಣ್ಣಗೆ ನಕ್ಕು, "ಯಾವ ಬ್ರ್ಯಾಂಡ್?" ಅಂತ ಕೇಳುತ್ತಾರೆ. ನಾನೂ ನಾಲ್ಕು ವರ್ಷದಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಆದರೆ ನನ್ನದು ಬಾಟಲಿಯ ಗುಂಡಲ್ಲ, ಡಬ್ಬಿಯ ಗುಂಡು. 10 ಮೀಟರ್ ಏರ್ ಪಿಸ್ತೂಲಿಗೆ ಹಾಕುವ 4.5 ಮಿಲಿಮೀಟರ್ ಸೀಸದ ಪೆಲೆಟ್. ಡಬ್ಬಿಗೆ 500 ಬರುತ್ತವೆ. ಇಲ್ಲಿಯವರೆಗೆ ಸುಮಾರು 40 ಡಬ್ಬಿ ಖಾಲಿ ಮಾಡಿದ್ದೇನೆ.

ನನ್ನದು ಹಳೇ ದಾವಣಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಅಂಗಡಿ ಹಿಂದೆ ಹತ್ತಿ ಗಿರಣಿಗಳ ಕಾಲದ ಒಂದು ಗೋಡೌನ್ ಇದೆ, ಸ್ನೇಹಿತನದು. ಈಗ ಖಾಲಿ. ಉದ್ದಕ್ಕೆ 10 ಮೀಟರ್ ಆರಾಮಾಗಿ ಸಿಗುತ್ತದೆ. ಆ ತುದಿಗೆ ಓರೆ ತಗಡು ಹಾಕಿದ ಕಬ್ಬಿಣದ ಪೆಟ್ಟಿಗೆ ಇಟ್ಟಿದ್ದೇನೆ, ಗುಂಡು ಅದರೊಳಗೇ ಬಿದ್ದು ಉಳಿಯುತ್ತದೆ. ಶುರು ಮಾಡುವ ಮೊದಲು ಬಾಗಿಲಿಗೆ ಒಳಗಿನಿಂದ ಚಿಲಕ, ಕಣ್ಣಿಗೆ ಕನ್ನಡಕ. ಇದರಲ್ಲಿ ರಾಜಿ ಇಲ್ಲ. ಪಿಸ್ತೂಲು ಸೆಕೆಂಡ್ ಹ್ಯಾಂಡ್ ಸ್ಟೆಯರ್ ಎಲ್‌ಪಿ 10. ಸಿಲಿಂಡರಿಗೆ ಕೈ ಪಂಪಿನಿಂದ ಗಾಳಿ ತುಂಬುವುದೇ ಒಂದು ಗರಡಿ ಮನೆ.

ಮೊದಲ ವರ್ಷ ಗುಂಡಿನ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಸೀಸ ಸೀಸಾನೇ ಅಲ್ವಾ ಅಂದುಕೊಂಡು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ತರಿಸಿದೆ. ಒಂದು ಡಬ್ಬಿಯನ್ನಂತೂ ಮರೆಯುವುದಿಲ್ಲ. ಕೊರಿಯರಿನಲ್ಲಿ ಅಪ್ಪಚ್ಚಿಯಾಗಿ ಬಂದಿತ್ತು. ಮುಚ್ಚಳ ತೆಗೆದರೆ ಅರ್ಧಕ್ಕರ್ಧ ಗುಂಡುಗಳ ಮೇಲೆ ಬಿಳಿ ಪುಡಿ, ಉಳಿದವುಗಳ ಬಾಲ ಸೊಟ್ಟ. ಮಾರಿದವರಿಗೆ ಫೋಟೋ ಕಳಿಸಿದೆ. "ಶೂಟ್ ಮಾಡೋಕೆ ತೊಂದರೆ ಇಲ್ಲ ಸರ್" ಅಂದರು. ತೊಂದರೆ ಏನು ಅನ್ನುವುದು ಆ ಭಾನುವಾರ ಗೊತ್ತಾಯಿತು.

ಪೆಲೆಟ್‌ನ ಮೂತಿ ಚಪ್ಪಟೆ. ಅದಕ್ಕೇ ಕಾಗದದಲ್ಲಿ ಪಂಚಿಂಗ್ ಮೆಷಿನ್ ಹೊಡೆದ ಹಾಗೆ ದುಂಡಗೆ ತೂತು ಬೀಳುತ್ತದೆ, ಅಂಕ ಎಣಿಸುವಾಗ ಜಗಳ ಇಲ್ಲ. ನಡು ಸಣ್ಣ. ಹಿಂದಿನ ಭಾಗ ಟೊಳ್ಳು, ಅದನ್ನು ಸ್ಕರ್ಟ್ ಅಂತಾರೆ. ಗಾಳಿಯ ಒತ್ತಡಕ್ಕೆ ಆ ತೆಳು ಸ್ಕರ್ಟ್ ಅರಳಿ ನಳಿಗೆಯ ಒಳಮೈಗೆ ಅಂಟಿಕೊಳ್ಳಬೇಕು. ಆಗಲೇ ಗಾಳಿ ಸೋರದೆ, ಗುಂಡು ನೆಟ್ಟಗೆ ತಿರುಗುತ್ತಾ ಹೊರಡುವುದು. ಸ್ಕರ್ಟ್ ಒಂದು ಕಡೆ ನಗ್ಗಿದ್ದರೆ ಒಂದು ಕಡೆ ಸೋರುತ್ತದೆ. ಕೈ ಎಷ್ಟೇ ಗಟ್ಟಿ ಇದ್ದರೂ ಆ ಗುಂಡು ತನ್ನ ದಾರಿ ತಾನು ಹಿಡಿಯುತ್ತದೆ.

ಎರಡನೇ ವರ್ಷ ಹುಚ್ಚು ಹತ್ತಿತು. ಆರ್‌ಡಬ್ಲ್ಯೂಎಸ್ ಆರ್10 ಮ್ಯಾಚ್, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಆರ್‌ಡಬ್ಲ್ಯೂಎಸ್ ಮೈಸ್ಟರ್‌ಕೂಗೆಲ್ನ್ ಅಂತ ಮೂರು ಬಗೆಯ ಗುಂಡು ತರಿಸಿದೆ. ಮೂರೂ ಜರ್ಮನಿಯವು. ಆರ್10ರಲ್ಲಿ ಪಿಸ್ತೂಲಿಗೆ ಬರುವ ಗುಂಡು 0.45 ಗ್ರಾಂ, ರೈಫಲ್ಲಿಗೆ ಬರುವುದು 0.53 ಗ್ರಾಂ. ಪಿಸ್ತೂಲಿಗೆ ಹಗುರದ್ದೇ ವಾಡಿಕೆ. ಗುಂಡು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ಹಗುರವಾದಷ್ಟೂ ನಳಿಗೆಯಿಂದ ಬೇಗ ಹೊರಬೀಳುತ್ತದೆ, ಆ ಗಳಿಗೆಯಲ್ಲಿ ಕೈ ಅಲುಗುವುದಕ್ಕೆ ಸಮಯ ಕಡಿಮೆ.

ಇನ್ನು ಮೂತಿಯ ಅಳತೆ. 4.49, 4.50, 4.51 ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ. ನನ್ನ ಹತ್ತಿರ ತಾಮ್ರದ ತಂತಿ ಅಳೆಯುವ ಮೈಕ್ರೋಮೀಟರ್ ಇತ್ತು, ಬಿಡುತ್ತೇನೆಯೇ? ಹತ್ತು ಗುಂಡು ಅಳೆದೆ, ಹತ್ತಕ್ಕೂ ಬೇರೆ ಬೇರೆ ಅಳತೆ. ಕಂಪನಿಯವರು ಮೋಸ ಮಾಡಿದ್ದಾರೆ ಅಂತಲೇ ತೀರ್ಮಾನಿಸಿದ್ದೆ. ಆಮೇಲೆ ಅದೇ ಗುಂಡನ್ನು ಎರಡನೇ ಸಲ ಅಳೆದರೆ ಇನ್ನೂ ಸಣ್ಣ! ಸೀಸ ಮೆತ್ತಗೆ, ನಾನು ತಿರುಗಿಸಿದ ಬಿಗಿಗೆ ಅಮುಕುತ್ತಿತ್ತು. ಮೈಕ್ರೋಮೀಟರ್ ಒಳಗಿಟ್ಟೆ.

ತೂಕ ನೋಡೋಣ ಅಂತ ಪಕ್ಕದ ಅಕ್ಕಸಾಲಿಗರ ಅಂಗಡಿಗೆ ಹೋದೆ. ಅವರ ತಕ್ಕಡಿ ಮಿಲಿಗ್ರಾಂ ತೋರಿಸುತ್ತದೆ. "ಏನ್ ತಮ್ಮಾ, ಜನ ಬಂಗಾರ ತೂಗಾಕ್ ಬಂದ್ರೆ ನೀನು ಸೀಸ ತಂದೀಯಲ್ಲೋ" ಅಂದರು. ಆದರೂ ಪಕ್ಕದಲ್ಲಿ ಕೂರಿಸಿಕೊಂಡು 50 ಗುಂಡು ತೂಗಿಕೊಟ್ಟರು. ಹೊಸ ಜರ್ಮನ್ ಡಬ್ಬಿಯ ಗುಂಡುಗಳ ನಡುವೆ ಮೂರು ನಾಲ್ಕು ಮಿಲಿಗ್ರಾಂ ವ್ಯತ್ಯಾಸ, ಅಷ್ಟೆ. ನನ್ನ ಹಳೇ ಅಗ್ಗದ ಡಬ್ಬಿಯಲ್ಲಿ 20ರ ಹತ್ತಿರ. "ಇದು ಕಲಬೆರಕೆ ಮಾಲು" ಅಂತ ಅವರೇ ತೀರ್ಪು ಕೊಟ್ಟರು.

ನಿಜವಾದ ಪರೀಕ್ಷೆ ಸಾಮಾನು ಬಿಗಿಯಾಗಿ ಹಿಡಿದಿಡುವ ಕಬ್ಬಿಣದ ಇಕ್ಕಳ, ಅಂದರೆ ವೈಸ್‌ನದು. ದವಡೆಗಳಿಗೆ ರಬ್ಬರ್ ಸುತ್ತಿ, ಪಿಸ್ತೂಲನ್ನು ಮೆಲ್ಲಗೆ ಹಿಡಿಸಿ, ಒಂದೊಂದು ಬಗೆಯಲ್ಲೂ ಐದೈದು ಗುಂಡು ಹೊಡೆದೆ. ಹಾಗೇ ನಾಲ್ಕು ಸಲ. ಐದು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ ಆರ್10 4.50ರಲ್ಲಿ ಆರು ಮಿಲಿಮೀಟರ್. ಗುಂಡೇ ನಾಲ್ಕೂವರೆ ಮಿಲಿಮೀಟರ್ ಇರುವಾಗ ಇದು ಒಂದೇ ತೂತಿನ ಲೆಕ್ಕ. ಫಿನಾಲೆ ಮ್ಯಾಚ್ 4.50 ಕೂಡ ಸರಿಸುಮಾರು ಅಷ್ಟೇ. ಅದೇ ಗುಂಡಿನ 4.51 ನನ್ನ ನಳಿಗೆಗೆ ಒಗ್ಗಲಿಲ್ಲ, ಏಳು ದಾಟಿತು. ನಿಮ್ಮ ನಳಿಗೆಗೆ ಅದೇ ಸರಿಹೋಗಬಹುದು. ಮೈಸ್ಟರ್‌ಕೂಗೆಲ್ನ್ ಏಳರ ಆಸುಪಾಸು. ಬಾಲ ಸೊಟ್ಟಗಿದ್ದ ಅಗ್ಗದ ಗುಂಡು ಹನ್ನೊಂದು.

ಈಗ ಲೆಕ್ಕ ನೋಡಿ. ಏರ್ ಪಿಸ್ತೂಲ್ ಗುರಿಯಲ್ಲಿ ಹತ್ತು ಅಂಕದ ನಡುವಿನ ವೃತ್ತ 11.5 ಮಿಲಿಮೀಟರ್ ಅಗಲ. ಗೆರೆ ಮುಟ್ಟಿದರೂ ಹತ್ತೇ. ಅಂದರೆ ಆ ಅಗ್ಗದ ಗುಂಡೂ ವೈಸ್‌ನಲ್ಲಿ ಹತ್ತರೊಳಗೇ ಬೀಳುತ್ತದೆ! ಹಾಗಾದರೆ ನನ್ನ ಏಳು, ಎಂಟು ಅಂಕಗಳೆಲ್ಲ ಎಲ್ಲಿಂದ ಬಂದವು? ಉತ್ತರ ನನಗೆ ಅವತ್ತೇ ಗೊತ್ತಿತ್ತು, ಒಪ್ಪಿಕೊಳ್ಳಲು ಇನ್ನೊಂದು ತಿಂಗಳು ಹಿಡಿಯಿತು. ಒಂದು ಗೆರೆಯಿಂದ ಮುಂದಿನ ಗೆರೆಗೆ 8 ಮಿಲಿಮೀಟರ್. ಗುಂಡು ಎರಡು ಮೂರು ಮಿಲಿಮೀಟರ್ ಅಡ್ಡ ಹೋದರೆ ಗೆರೆ ಮೇಲಿನ ಹತ್ತು ಒಂಬತ್ತಾಗಬಹುದು. ಏಳಾಗುವುದಿಲ್ಲ.

ಹಾಗಂತ ಅಗ್ಗದ್ದೇ ಸಾಕು ಅಂತ ನಾನು ಹೇಳುವುದಿಲ್ಲ. ಆ ಗುಂಡಿನ ದೊಡ್ಡ ಕಾಟ ಕಾಗದದ ಮೇಲಲ್ಲ, ತಲೆಯೊಳಗೆ. ಎಂಟು ಬಿದ್ದ ತಕ್ಷಣ "ಗುಂಡು ಸರಿ ಇಲ್ಲ" ಅನ್ನಿಸುತ್ತದೆ. ಟ್ರಿಗರ್ ಎಳೆದಿದ್ದು ತಪ್ಪಾ, ಮಣಿಕಟ್ಟು ಸಡಿಲವಾಯ್ತಾ ಅಂತ ಯೋಚಿಸುವುದೇ ಇಲ್ಲ. ಆರ್10 ಹಾಕಿದ ಮೇಲೆ ಆ ನೆಪ ತಪ್ಪಿತು. 60 ಗುಂಡಿಗೆ ನನ್ನ ಅತ್ಯುತ್ತಮ 548. ಪ್ಯಾರಿಸ್ ಒಲಿಂಪಿಕ್ಸಿನ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಹೊಡೆದಿದ್ದು 580. ನಡುವಿನ 32 ಅಂಕವನ್ನು ಯಾವ ಡಬ್ಬಿಯೂ ತುಂಬಿಕೊಡುವುದಿಲ್ಲ.

ಈಗಿನ ಪದ್ಧತಿ ಹೀಗೆ: ವಾರದ ಅಭ್ಯಾಸಕ್ಕೆ ಮೈಸ್ಟರ್‌ಕೂಗೆಲ್ನ್, ತಿಂಗಳಿಗೊಮ್ಮೆ 75 ನಿಮಿಷ ಗಡಿಯಾರ ಇಟ್ಟು ಹೊಡೆಯುವ ದಿನಕ್ಕೆ ಆರ್10. ಒಗ್ಗಿದ ಬ್ಯಾಚ್ ನಂಬರಿನ ಡಬ್ಬಿ ಸಿಕ್ಕರೆ ಮೂರು ನಾಲ್ಕು ಒಟ್ಟಿಗೆ ತೆಗೆದುಕೊಳ್ಳುತ್ತೇನೆ. ಒಂದೊಂದು ಗುಂಡಿಗೂ ಒಂದೊಂದು ಗೂಡಿರುವ ಪ್ಯಾಕ್ ಸಹ ಬರುತ್ತದೆ. ನೋಡಲು ಚೆಂದ, ನನ್ನ ಮಟ್ಟಕ್ಕೆ ಸುಮ್ನೆ ಖರ್ಚು. ಅದರ ಬದಲು ಡಬ್ಬಿಯನ್ನು ಬೈಕಿನ ಡಿಕ್ಕಿಯಲ್ಲಿ ಕುಲುಕಾಡಿಸದಿದ್ದರೆ ಸಾಕು. ನಾನು ಮೇಲೊಂದು ಸ್ಪಂಜಿನ ತುಂಡು ಒತ್ತಿ ಮುಚ್ಚುತ್ತೇನೆ. ಮಳೆಗಾಲದಲ್ಲಿ ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ.

ಹೊಸಬರು ಕೇಳುವ ಇನ್ನೊಂದು ಮಾತು, ಲೈಸೆನ್ಸ್. 0.177 ಇಂಚಿನ (ಅಂದರೆ ಇದೇ 4.5 ಮಿಲಿಮೀಟರ್), 20 ಜೌಲ್ ದಾಟದ ಏರ್ ಪಿಸ್ತೂಲಿಗೆ ಬೇಡ. ನನ್ನದು ಐದು ಜೌಲ್ ಅಷ್ಟೇ. ಮದ್ದಿನಿಂದ ಸಿಡಿಯುವ .22 ಪಿಸ್ತೂಲಿನ ಕಥೆ ಬೇರೆ. ಅದಕ್ಕೆ ಲೈಸೆನ್ಸ್ ಬೇಕು, ರೇಂಜ್ ಬೇಕು, 2.6 ಗ್ರಾಂ ಗುಂಡಿನ ಕಾಡತೂಸು ಬೇಕು, ಕಿಸೆ ತುಂಬಿರಬೇಕು. ನಾನು ಆ ಕಡೆ ತಲೆ ಹಾಕಿಲ್ಲ.

ಕೊನೆಗೆ ಕೈ ತೊಳೆಯುವ ವಿಷಯ. 60 ಗುಂಡು ಮುಟ್ಟಿದರೆ ಬೆರಳ ತುದಿ ಬೂದು ಬಣ್ಣಕ್ಕೆ ತಿರುಗುತ್ತದೆ, ಅದು ಸೀಸ. ಮೊದಮೊದಲು ನಾನು ಗೋಡೌನಿನಿಂದ ನೇರ ಬೆಣ್ಣೆ ದೋಸೆಗೆ ಓಡುತ್ತಿದ್ದೆ. ಒಂದು ದಿನ ದೋಸೆ ಪಕ್ಕದ ಬಿಳಿ ಬೆಣ್ಣೆ ಮೇಲೆ ನನ್ನದೇ ಬೂದು ಹೆಬ್ಬೆಟ್ಟಿನ ಗುರುತು ನೋಡಿದೆ. ಈಗ ಗೋಡೌನಿನ ಬಾಗಿಲಲ್ಲೇ ಒಂದು ಬಕೆಟ್ ನೀರು, ಸೋಪು ಇರುತ್ತದೆ.